ವ್ಯಾನಿನ ಬಾಗಿಲು ಇರುವ ಬದಿ

ಬೆಳಕು ಹರಿಯುವ ಮೊದಲು ಈಲೇನ್ ಮಾಡಿ ಮುಗಿಸುವ ಕೆಲಸಗಳು ಇವು: ನಲ್ಲಿಯಲ್ಲಿ ನೀರು ಬಂದಿದೆಯೇ ಎಂದು ಹಾಸಿಗೆಯಿಂದಲೇ ಕಿವಿಗೊಡುವುದು, ಬಂದಿದ್ದರೆ ಬಚ್ಚಲಿನ ನೀಲಿ ಡ್ರಮ್ಮು ತುಂಬಿಸುವುದು, ಬಾರದಿದ್ದರೆ ಸ್ವೆಟರ್ ಹಾಕಿಕೊಂಡು ಕೆಳಗಿಳಿದು ಕಾವಲುಗಾರನನ್ನು ಎಬ್ಬಿಸಿ ಪಂಪು ಹಾಕಿಸುವುದು. ಅತ್ತೆಯ ಥೈರಾಯ್ಡ್ ಮಾತ್ರೆಯನ್ನು ಲೋಟದ ಪಕ್ಕದಲ್ಲಿಡುವುದು, ಲೋಟದಲ್ಲಿ ನೀರು ಬೆಚ್ಚಗಿರಬೇಕು, ಬಿಸಿಯಾಗಿರಬಾರದು. ಹಿಂದಿನ ದಿನ ನೆನೆಸಿದ್ದನ್ನು ರುಬ್ಬುವುದು, ಮಿಕ್ಸಿಯ ಸದ್ದಿಗೆ ಯಾರೂ ಏಳಬಾರದೆಂದು ಅದರ ಮೇಲೆ ಹಳೆಯ ಟವೆಲ್ ಹೊದಿಸುವುದು. ಮಗ ನೆವಿಲ್‌ನ ಯೂನಿಫಾರ್ಮಿಗೆ ಇಸ್ತ್ರಿ. ಗಂಡ ವಾಲ್ಟರ್‌ನ ಡಬ್ಬಿಗೆ ಪಲ್ಯ, ಅದರಲ್ಲಿ ಹಸಿಮೆಣಸು ಬೇಡ; ಅತ್ತೆಯ ತಟ್ಟೆಗೆ ಅದೇ ಪಲ್ಯ, ಅದರಲ್ಲಿ ಹಸಿಮೆಣಸು ಬೇಕು. ಫ್ರೀಜರಿನಿಂದ ಮೀನು ತೆಗೆದು ಹೊರಗಿಡುವುದು. ಅಲ್ತಾರಿನ ಮುಂದೆ ಮೇಣದಬತ್ತಿ ಹಚ್ಚುವುದು, ಯಾಕೆಂದರೆ ಜಪ ಮಾಡುವವರು ಅತ್ತೆಯಾದರೂ ಬೆಂಕಿಪೊಟ್ಟಣ ಹುಡುಕುವವಳು ಇವಳು. ಕಟ್ಟಕಡೆಗೆ, ಊಟದ ಮೇಜಿನ ಮೂಲೆಯಲ್ಲಿ ಕಂಪ್ಯೂಟರ್ ತೆರೆದು, ಹಾರ್ಲೋ ಬೆಂಡ್‌ನಲ್ಲಿ ನಾಳೆ ಮಳೆಯಿದೆಯೇ ಎಂದು ನೋಡುವುದು.

ಈ ಕಟ್ಟಕಡೆಯದಕ್ಕೆ ಮಾತ್ರ ಅವಳಿಗೆ ಸಂಬಳ ಬರುತ್ತದೆ. ಅದೂ ಮಧ್ಯಾಹ್ನ ಮೂರರಿಂದ ಶುರು. ಬೆಳಗಿನ ಜಾವ ನೋಡುವುದು ಅವಳ ಸ್ವಂತ ಚಟ.

ಹಾರ್ಲೋ ಬೆಂಡ್ ಅಮೆರಿಕದ ನಡುಭಾಗದಲ್ಲಿರುವ ಒಂದು ಪುಟ್ಟ ಊರು. ಸುತ್ತ ಜೋಳದ ಹೊಲ. ಉತ್ತರದಲ್ಲಿ ನದಿ ಬಂದು ಮೊಣಕೈಯಂತೆ ಮಡಚಿಕೊಂಡು ಪೂರ್ವಕ್ಕೆ ಹೋಗುತ್ತದೆ. ನದಿಗೆ ಕಬ್ಬಿಣದ ಹಳೆಯ ಸೇತುವೆಯಿದೆ, ಈಗ ಅದರ ಮೇಲೆ ಗಾಡಿ ಬಿಡುವುದಿಲ್ಲ, ಮೀನು ಹಿಡಿಯುವವರು ಕೂರುತ್ತಾರೆ. ದಕ್ಷಿಣದ ದಿಬ್ಬದ ಮೇಲೆ ಸ್ಮಶಾನ, ಅದರ ಪಕ್ಕ ನೀರಿನ ಟ್ಯಾಂಕು. ಊರಿನ ಹೊಟ್ಟೆಯಲ್ಲಿ ರೈಲಿನ ಅಂಗಳ, ಅಲ್ಲಿ ಧಾನ್ಯ ತುಂಬುವ ಕಾಂಕ್ರೀಟಿನ ಕಣಜಗಳು, ಯಾವ ಇಗರ್ಜಿಯ ಗೋಪುರಕ್ಕಿಂತಲೂ ಎತ್ತರ. ಆ ಅಂಗಳಕ್ಕೆ ನಾಲ್ಕೂ ಕಡೆ ಬೇಲಿ, ಬೇಲಿಯ ಸುತ್ತ ಒಂದು ರಸ್ತೆ, ರಸ್ತೆಯ ಆಚೆ ಬದಿಯಲ್ಲಿ ಕಣಜಕ್ಕೆ ಮುಖ ಮಾಡಿಕೊಂಡು ಊರಿಗೆ ಬೇಕಾದ್ದೆಲ್ಲ ಸಾಲಾಗಿದೆ: ಕ್ಲಿನಿಕ್ಕು, ಔಷಧದಂಗಡಿ, ಅಂಚೆ ಕಚೇರಿ, ಎರಡು ಚರ್ಚು, ಮುದುಕರಿಗೆ ಮಧ್ಯಾಹ್ನದ ಊಟ ಹಾಕುವ ದೊಡ್ಡ ಹಾಲ್.

ಅಲ್ಲಿ ಕಾರು ಓಡಿಸಲಾಗದವರಿಗೆಂದು ಊರಿನವರೇ ಒಂದು ವ್ಯಾನ್ ನಡೆಸುತ್ತಾರೆ. ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ. ಆ ಫೋನು ಎತ್ತುವವಳು ಈಲೇನ್. ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿರುವ ಒಂದು ಸಣ್ಣ ಕಂಪನಿ ಈ ಕೆಲಸವನ್ನು ಗುತ್ತಿಗೆ ಹಿಡಿದಿದೆ. ಅವಳು ಅದೇ ಊರಿನ ಹೈರಿಡ್ಜ್‌ನ ತನ್ನ ಫ್ಲ್ಯಾಟಿನಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊಟದ ಮೇಜಿನಲ್ಲಿ ಕೂತು ಮಾಡುತ್ತಾಳೆ. ಅಲ್ಲಿ ಬೆಳಗಾದಾಗ ಇಲ್ಲಿ ಮಧ್ಯಾಹ್ನ ಮೂರು. ರಾತ್ರಿಯ ಅಡುಗೆ ಬೇಯುವ ಹೊತ್ತೂ ಅದೇ. ಕುಕ್ಕರು ಕೂಗುವಾಗ ಮೈಕು ಮುಚ್ಚಬೇಕು, ಒಮ್ಮೊಮ್ಮೆ ಮರೆಯುತ್ತಾಳೆ.

"ನಿಮ್ಮೂರಲ್ಲೂ ರೈಲಿದೆಯಾ?" ಎಂದು ಮೊದಲ ಸಲ ಕೇಳಿದ್ದು ಓಪಲ್ ಎಂಬ ಮುದುಕಿ.

"ಉಂಟು. ಆದರೆ ಇದು ಬೇಳೆ," ಎಂದಿದ್ದಳು ಈಲೇನ್.

ಕಂಪನಿ ಕೊಟ್ಟ ನಕ್ಷೆಯಲ್ಲಿ ರಸ್ತೆಗಳ ಹೆಸರಿತ್ತು. ಫೋನ್ ಮಾಡುವವರು ಆ ಹೆಸರುಗಳನ್ನು ಹೇಳುತ್ತಿರಲಿಲ್ಲ. "ಹಾಲಿನ ಡೇರಿ ಇತ್ತಲ್ಲ, ಆ ಮೂಲೆ," ಎನ್ನುತ್ತಿದ್ದರು. ಡೇರಿ ಸುಟ್ಟುಹೋಗಿ ಎಷ್ಟೋ ವರ್ಷ. ಕಂಪನಿಯ ಇತರರಿಗೆ ಇದು ತಲೆನೋವಾದರೆ ಈಲೇನ್‌ಗೆ ಮನೆಯ ಮಾತಿನಂತಿತ್ತು. ಅವಳ ಮನೆಗೆ ದಾರಿ ಹೇಳುವುದೇ ಹಾಗೆ: ಮಾರ್ಕೆಟ್ ದಾಟಿ, ಟೈರಿನ ಅಂಗಡಿಯ ಪಕ್ಕ, ಹಸಿರು ಗೇಟು. ಗೇಟಿಗೆ ಕಪ್ಪು ಬಣ್ಣ ಬಳಿದು ಬಹಳ ಕಾಲವಾಯಿತು, ಆದರೂ ಅದು ಹಸಿರು ಗೇಟೇ. ನೈರೋಬಿಯದೇ ಪಂಗಾನಿ ಬಡಾವಣೆಯಲ್ಲಿ ಹುಟ್ಟಿ ಬೆಳೆದ ಅತ್ತೆ ಗರ್ಟ್ರೂಡ್ ಇಂದಿಗೂ ಟ್ಯಾಕ್ಸಿಯವನಿಗೆ ಈಗಿಲ್ಲದ ಒಂದು ಬೇಕರಿಯ ಗುರುತು ಹೇಳಿ, ಅವನಿಗೆ ಗೊತ್ತಿಲ್ಲವೆಂದು ಬೈಯುತ್ತಾರೆ. ಹಾಗಾಗಿ ಈಲೇನ್ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನಿಮ್ಮ ಮೆಟ್ಟಿಲ ಮೇಲೆ ನಿಂತರೆ ಎದುರಿಗೆ ಏನು ಕಾಣ್ತದೆ?" ಕೇಳುತ್ತ ಕೇಳುತ್ತ ಊರು ಅವಳ ತಲೆಯೊಳಗೆ ಕಟ್ಟಿಕೊಂಡಿತು. ಮದುವೆಯಾಗಿ ಮೂಡುಬಿದಿರೆಯಿಂದ ನೈರೋಬಿಗೆ ಬಂದ ಮೇಲೆ ಅವಳು ತಾನೇ ಹುಡುಕಿ ಕಲಿತ ಮೊದಲ ಊರು ಅದು. ನೈರೋಬಿಯನ್ನು ವಾಲ್ಟರ್ ತೋರಿಸಿದ್ದ, ಕಾರಿನ ಕಿಟಕಿಯಿಂದ.

ಜುಲೈ ತಿಂಗಳಲ್ಲಿ ಡೀಸೆಲ್ ಉಳಿಸಲೆಂದು ಕಂಪನಿ ಹೊಸ ಪದ್ಧತಿ ತಂದಿತು. ಒಬ್ಬೊಬ್ಬರಿಗೆ ಒಂದೊಂದು ಓಡಾಟ ಬೇಡ. ವ್ಯಾನ್ ಎಲ್ಲರನ್ನೂ ಹತ್ತಿಸಿಕೊಂಡು ಕಣಜದ ಅಂಗಳಕ್ಕೆ ಒಂದು ಸುತ್ತು ಹಾಕಲಿ, ಅವರವರ ಜಾಗದಲ್ಲಿ ಇಳಿಸುತ್ತ ಹೋಗಲಿ. ಸುತ್ತನ್ನು ಬರೆಯುವ ಕೆಲಸ ಈಲೇನ್‌ಗೆ ಬಂತು. ಊರು ಅವಳಷ್ಟು ಗೊತ್ತಿದ್ದವರು ಕಚೇರಿಯಲ್ಲಿ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದಾಗ, ಅವಳು ಅದನ್ನು ಸಂತೋಷದಿಂದ ಬರೆದಳು.

ಆಗಸ್ಟಿನ ಕೊನೆಯಲ್ಲಿ ಓಪಲ್ ಬಿದ್ದಳು.

ಕಚೇರಿಯಿಂದ ಮಕೇನಾಳ ಫೋನು ಬಂತು. ಇಲ್ಲಿಯೇ ಮೇರು ಸೀಮೆಯ ಆ ಹೆಂಗಸು ಈಲೇನ್‌ಳ ಮೇಲಧಿಕಾರಿ, ಮಾತು ಸುತ್ತಿಸಿ ಅಭ್ಯಾಸವಿಲ್ಲ.

"ಪೋಲೆ, ಸಾರಿ ಈಲೇನ್. ಕೆಟ್ಟ ಸುದ್ದಿ. ಓಪಲ್ ಕ್ಲಿನಿಕ್‌ಗೆ ಹೋಗೋಕೆ ರಸ್ತೆ ದಾಟುವಾಗ ವಾಕರ್ ಸಮೇತ ಬಿದ್ದಿದ್ದಾಳೆ. ಮಂಡಿ ತರಚಿದೆ, ಅಷ್ಟೇ. ಆದರೆ ಸುಗ್ಗಿ ಶುರುವಾಗ್ತಿದೆ, ಆ ರಸ್ತೇಲಿ ಜೋಳದ ಲಾರಿಗಳು. ಊರವರಿಗೆ ಸಿಟ್ಟು ಬಂದಿದೆ. ಆಫ್ರಿಕಾದಲ್ಲಿ ಕೂತವರಿಗೆ ನಮ್ಮೂರು ಏನು ಗೊತ್ತು ಅಂತಿದ್ದಾರೆ."

"ಅವರು ರಸ್ತೆ ಯಾಕೆ ದಾಟಿದ್ದು? ಕ್ಲಿನಿಕ್ ಎದುರೇ ಇಳಿಸ್ಲಿಕ್ಕೆ ಬರೆದಿದ್ದೇನಲ್ಲ."

"ಅದನ್ನೇ ನೀನು ಕಂಡುಹಿಡೀಬೇಕು. ಶನಿವಾರ ಅವರ ಊರಿನ ಸಭೆ. ಇಲ್ಲಿಯ ಸಂಜೆ ಐದಕ್ಕೆ. ಗುತ್ತಿಗೆ ಬೇಕಾ ಬೇಡವಾ ಅಂತ ಅವತ್ತೇ ತೀರ್ಮಾನ. ನೀನು ಆಫೀಸಿಗೆ ಬಂದು ಅವರ ಹತ್ತಿರ ಮಾತಾಡು. ನಿನ್ನ ಮನೆಯ ಇಂಟರ್ನೆಟ್ಟು, ನಿನ್ನ ಮನೆಯ ಬೇಳೆ, ಎರಡೂ ನಂಬೋ ಹಾಗಿಲ್ಲ." ಸ್ವಲ್ಪ ತಡೆದು ಹೇಳಿದಳು: "ಗುತ್ತಿಗೆ ಹೋದರೆ ನಿನಗೆ ಕೊಡೋಕೆ ನನ್ನ ಹತ್ತಿರ ಬೇರೆ ಕೆಲಸ ಇಲ್ಲ. ಇದನ್ನ ಈಗಲೇ ಹೇಳ್ತಿದ್ದೀನಿ."

ಶನಿವಾರ. ಅದರ ಮರುದಿನ ಮೊಂತಿ ಫೆಸ್ತ್, ಕನ್ಯಾ ಮರಿಯಳ ಹುಟ್ಟುಹಬ್ಬ. ಮ್ವೇಯಾದ ಗದ್ದೆಯಿಂದ ತರಿಸಿದ ಭತ್ತದ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದವಾಗುತ್ತದೆ, ಮನೆಗೆ ತಂದ ಹೊಸ ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಕದಡಿ ಎಲ್ಲರೂ ಕುಡಿಯುತ್ತಾರೆ. ಆಮೇಲೆ ಮೀನು ಮಾಂಸವಿಲ್ಲದ ಊಟ. ತರಕಾರಿಯ ಬಗೆಗಳು ಬೆಸ ಸಂಖ್ಯೆಯಲ್ಲಿರಬೇಕು. ಈ ಮನೆಯಲ್ಲಿ ಯಾವತ್ತೂ ಒಂಬತ್ತು. ಪಂಗಾನಿಯಿಂದ ಆಲ್ಫ್ರೆಡ್ ಮಾವನ ಮನೆಯವರೆಲ್ಲ ಊಟಕ್ಕೆ ಬರುತ್ತಾರೆ. ಒಂಬತ್ತು ಬಗೆಯನ್ನು ತಿನ್ನಲು ಮುಕ್ಕಾಲು ಗಂಟೆ ಸಾಕು; ತೊಳೆದು ಹೆಚ್ಚಿ ರುಬ್ಬಿ ಕಟ್ಟಿಡಲು ಶನಿವಾರವಿಡೀ ಬೇಕು.

ಗುರುವಾರ ಬೆಳಿಗ್ಗೆ ಈಲೇನ್ ಸಿಟಿ ಪಾರ್ಕ್ ಮಾರ್ಕೆಟ್ಟಿನಿಂದ ತರಕಾರಿ ಹೊತ್ತು ತಂದಳು. ಬೆಂಡೆ, ಹೀರೆ, ಹಾಗಲ, ಬದನೆ, ಅಲಸಂಡೆ, ಇಲ್ಲಿಯವರು ತೆರೆರೆ ಎನ್ನುವ ಹರಿವೆ. ಕೆಸುವಿನ ಗಡ್ಡೆ ಮಾರುವವಳು ಎಲೆಗಳನ್ನು ಪುಕ್ಕಟೆ ಕೊಟ್ಟು, ಇದನ್ನೂ ತಿನ್ನುವವರಿದ್ದಾರಲ್ಲ ಎಂದು ಪ್ರತಿ ವರ್ಷದಂತೆ ನಕ್ಕಳು. ಎಲ್ಲವನ್ನೂ ಮೇಜಿನ ಮೇಲೆ ಸುರಿದು, ಬೇರ್ಪಡಿಸುವ ಬದಲು ಈಲೇನ್ ಅದನ್ನೇ ನೋಡುತ್ತ ನಿಂತಳು. ಆಮೇಲೆ ಬಡಿಸುವ ದೊಡ್ಡ ತಟ್ಟೆಯೊಂದನ್ನು ನಡುವೆ ಇಟ್ಟಳು. ಅದು ರೈಲಿನ ಅಂಗಳ. ಎರಡು ಹೀರೆಕಾಯಿಯನ್ನು ತಟ್ಟೆಯಲ್ಲಿ ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ, ಮಲಗಿಸಿದಳು. ಅವು ಕಣಜ. ತಟ್ಟೆಯ ಸುತ್ತ ಹಾಗಲಕಾಯಿ ಕ್ಲಿನಿಕ್ಕು, ಬದನೆ ಔಷಧದಂಗಡಿ, ಹರಿವೆಯ ಕಟ್ಟು ಊಟದ ಹಾಲ್. ಬೆಂಕಿಪೊಟ್ಟಣವನ್ನು ವ್ಯಾನ್ ಮಾಡಿ ತಾನು ಬರೆದಂತೆಯೇ ತಳ್ಳಿದಳು. ಕ್ಲಿನಿಕ್ ಎದುರು ನಿಲ್ಲಿಸಿದಳು. ಎಲ್ಲ ಸರಿಯಾಗಿತ್ತು. ಮತ್ತೊಮ್ಮೆ ತಳ್ಳಿದಳು. ಆಗಲೂ ಸರಿಯಾಗಿತ್ತು.

ಮೇಲಿನ ಮಹಡಿಯ ಜಾಹ್ನವಿ ತುರಿಮಣೆ ವಾಪಸು ಕೊಡಲು ಬಂದಳು. ಮೈಸೂರಿನವಳು, ಗಂಡ ಔಷಧ ಫ್ಯಾಕ್ಟರಿಯೊಂದರಲ್ಲಿ ಮ್ಯಾನೇಜರು.

"ಏನೇ ಇದು, ಹಬ್ಬಕ್ಕೆ ರಂಗೋಲಿನಾ?"

"ಅಮೆರಿಕ," ಎಂದಳು ಈಲೇನ್. "ಮುಟ್ಬೇಡ ಮಾರಾಯ್ತಿ, ನೀನು ಕೈ ಇಟ್ಟದ್ದು ಪೋಸ್ಟಾಫೀಸಿನ ಮೇಲೆ."

ಜಾಹ್ನವಿ ಕೈ ತೆಗೆದು, ಕುರ್ಚಿ ಎಳೆದುಕೊಂಡು, ವಿಷಯ ಕೇಳಿಸಿಕೊಂಡಳು. ಬೆಂಕಿಪೊಟ್ಟಣವನ್ನು ತಾನೇ ಒಂದು ಸಲ ತಳ್ಳಿ ನೋಡಿದಳು. ಕ್ಲಿನಿಕ್ ಎದುರು ನಿಲ್ಲಿಸಿ ಕೇಳಿದಳು: "ಇದರ ಬಾಗಿಲು ಯಾವ ಕಡೆ?"

"ಎಲ್ಲ ವ್ಯಾನಿಗೂ ಇರುವ ಕಡೆ. ಎಡಕ್ಕೆ."

"ಇಲ್ಲಿ ಜನ ತುಂಬಿಸಿಕೊಂಡು ಓಡೋ ಮಟಾಟು ವ್ಯಾನಿಗೆ ಎಡಕ್ಕೆ. ನಮ್ಮೂರ ಬಸ್ಸಿಗೂ ಎಡಕ್ಕೆ. ನಾನು ಅಮೆರಿಕಕ್ಕೆ ನನ್ನ ತಂಗಿ ಮನೆಗೆ ಹೋಗಿದ್ದೆನಲ್ಲ, ಅಲ್ಲಿ ಗಾಡಿಗಳು ಬಲಗಡೆ ಹೋಗ್ತವೆ. ಬಾಗಿಲೂ ಬಲಕ್ಕೆ ಕಣೇ."

ಈಲೇನ್ ಬೆಂಕಿಪೊಟ್ಟಣವನ್ನೇ ನೋಡಿದಳು. ಅಮೆರಿಕದಲ್ಲಿ ಬಲಗಡೆ ಓಡಿಸುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೇ? ಸಿನಿಮಾ ನೋಡಿದ ಯಾರಿಗೂ ಗೊತ್ತು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಮೂಡುಬಿದಿರೆಯ ಬಸ್ಸಿನಿಂದ, ನೈರೋಬಿಯ ಮಟಾಟುವಿನಿಂದ, ಎರಡೂ ಕೈಯಲ್ಲಿ ಚೀಲ ಹಿಡಿದು ಎಡಕ್ಕೆ ಇಳಿದೂ ಇಳಿದೂ, ಸುತ್ತನ್ನು ಬರೆದ ಕೈ ಪ್ರತಿ ಬಾಗಿಲನ್ನೂ ಎಡಕ್ಕೇ ಇಟ್ಟಿತ್ತು. ಅಂಗಡಿ ಸಾಲು ಎಡಕ್ಕೆ ಬರುವಂತೆ ವ್ಯಾನನ್ನು ಸುತ್ತಿಸಿತ್ತು. ಅಲ್ಲಿಯ ವ್ಯಾನಿನ ಬಾಗಿಲು ತೆರೆಯುವುದು ಬಲಕ್ಕೆ, ಕಣಜದ ಬೇಲಿಗೆ. ಜುಲೈಯಿಂದ ಒಂದು ಊರಿನ ಮುದುಕಿಯರೆಲ್ಲ ಬೇಲಿಯ ಪಕ್ಕ ಇಳಿದು, ಲಾರಿಗಳ ನಡುವೆ ರಸ್ತೆ ದಾಟಿ, ತಮ್ಮ ತಮ್ಮ ಜಾಗಕ್ಕೆ ಹೋಗಿದ್ದರು. ಡ್ರೈವರು ಹೊಸಬ, ಪರದೆಯ ಮೇಲೆ ಬಂದಂತೆ ಓಡಿಸುತ್ತಿದ್ದ. ಮುದುಕಿಯರು ದೂರು ಹೇಳುವ ಪೈಕಿ ಅಲ್ಲ. ಅದೂ ಈಲೇನ್‌ಗೆ ಅರ್ಥವಾಗುವ ಸಂಗತಿ.

"ಎಲ್ಲವನ್ನೂ ತಿರುಗಿಸಬೇಕು," ಎಂದಳು. "ಸುತ್ತನ್ನೇ ಉಲ್ಟಾ."

"ಕ್ರಿಶ್ಚಿಯನ್ ಆಗಿದ್ಕೊಂಡು ಒಂದಿಡೀ ಊರಿಗೆ ಪ್ರದಕ್ಷಿಣೆ ಹಾಕ್ಸಿದ್ದೀಯಲ್ಲೇ ನೀನು," ಎಂದಳು ಜಾಹ್ನವಿ. "ಇನ್ನು ಅಪ್ರದಕ್ಷಿಣೆ ಹಾಕ್ಸು. ನಮ್ಮತ್ತೆಗೆ ಮಾತ್ರ ಹೇಳಬೇಡ."

ಈಲೇನ್ ನಕ್ಕು, ಬೆಂಕಿಪೊಟ್ಟಣವನ್ನು ಉಲ್ಟಾ ತಿರುಗಿಸಿ ತಳ್ಳಿ ನೋಡಿದಳು. ಸುತ್ತನ್ನು ತಿರುಗಿಸುವುದೆಂದರೆ ಬಾಣದ ಗುರುತು ತಿರುಗಿಸಿದಂತಲ್ಲ. ಪೂರ್ವದ ಮೂಲೆಯಲ್ಲಿ ರೈಲು ಹಳಿ ರಸ್ತೆಯನ್ನು ದಾಟುತ್ತದೆ. ಸುಗ್ಗಿಯಲ್ಲಿ ಧಾನ್ಯದ ಉದ್ದ ರೈಲು ಅಲ್ಲಿ ಅಡ್ಡ ನಿಂತರೆ ದಾರಿ ಬಂದ್. ಹಳೆಯ ಸುತ್ತಿನಲ್ಲಿ ರೈಲು ಬರುವ ಮೊದಲೇ ವ್ಯಾನ್ ಆಚೆ ದಾಟಿರುತ್ತಿತ್ತು. ಹೊಸದರಲ್ಲಿ, ಪಕ್ಕದ ಊರಿನ ಆಸ್ಪತ್ರೆಗೆ ಹೋಗುವ ಡಯಾಲಿಸಿಸ್‌ನವರನ್ನು ತುಂಬಿಕೊಂಡು ಸರಿಯಾಗಿ ಅದರ ಹೊಟ್ಟೆಗೆ ಹೋಗಿ ನಿಲ್ಲುತ್ತದೆ. ಯಾರನ್ನು ಮೊದಲು ಹತ್ತಿಸುವುದು, ಯಾರನ್ನು ಕಾಯಿಸುವುದು, ಎಲ್ಲ ಹೊಸದಾಗಿ ಹೆಣೆಯಬೇಕು.

ಶುಕ್ರವಾರ ಬೆಳಗಿನ ತಿಂಡಿಗೆ ಅವಳು ವಿಷಯ ತೆಗೆದಳು. ಮನೆಯ ಮಾತು ಕೊಂಕಣಿ, ಜಗಳವೂ ಅದರಲ್ಲೇ.

"ನಾಳೆ ಸಂಜೆ ನನಗೆ ಹರ್ಲಿಂಗ್‌ಹ್ಯಾಮಿಗೆ ಹೋಗ್ಲಿಕ್ಕುಂಟು. ಮೀಟಿಂಗು."

ವಾಲ್ಟರ್ ಪಂಗಾನಿಯ ಬಿಡಿಭಾಗಗಳ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಕೆಟ್ಟವನಲ್ಲ. ದೋಸೆಯಿಂದ ತಲೆ ಎತ್ತಿದ. "ನಾಳೆಯಾ? ನಾಳಿದ್ದು ಫೆಸ್ತ್ ಅಲ್ವಾ?"

"ಹೌದು."

"ಮತ್ತೆ ತರಕಾರಿ?"

"ತರಕಾರಿ ಇಲ್ಲಿಯೇ ಇರ್ತದೆ, ವಾಲ್ಟರ್. ಮೀಟಿಂಗಿಗೆ ಬರುದಿಲ್ಲ."

"ತಮಾಷೆ ಬೇಡ. ಫೋನಲ್ಲೇ ಮಾತಾಡ್ಲಿಕ್ಕೆ ಆಗುದಿಲ್ವಾ? ನಿನ್ನ ಕೆಲಸವೇ ಫೋನಿನದ್ದು."

"ಕರೆಂಟು ಹೋದ್ರೆ ಕೆಲಸವೂ ಹೋಯಿತು."

"ಹೋದ್ರೆ ಹೋಗ್ಲಿ," ಎಂದ ವಾಲ್ಟರ್, ಸಮಾಧಾನ ಮಾಡುವ ದನಿಯಲ್ಲಿ. "ನಮಗೇನು ಊಟಕ್ಕೆ ಕಡಿಮೆಯಾ? ನಿನಗೂ ಸ್ವಲ್ಪ ರೆಸ್ಟ್ ಸಿಗ್ತದೆ."

ಕೆಲಸ ಬಿಟ್ಟರೆ ಬೆಳಗಿನ ಜಾವದ ಯಾವ ಕೆಲಸ ಕಡಿಮೆಯಾಗುತ್ತದೆ ಎಂದು ಈಲೇನ್ ಕೇಳಲಿಲ್ಲ. ಉತ್ತರ ಅವನಿಗೆ ನಿಜಕ್ಕೂ ಗೊತ್ತಿರುತ್ತಿರಲಿಲ್ಲ.

ಗರ್ಟ್ರೂಡ್ ತಮ್ಮ ಹಸಿಮೆಣಸಿನ ಪಲ್ಯವನ್ನು ದೋಸೆಯಲ್ಲಿ ಸುತ್ತುತ್ತ ಗೋಡೆಗೆ ಹೇಳಿದರು: "ಅಮೆರಿಕದ ಮುದುಕಿಯರನ್ನು ದಿನಾ ವ್ಯಾನ್ ಹತ್ತಿಸ್ಲಿಕ್ಕೆ ಆಗ್ತದೆ. ಈ ಮುದುಕಿಯನ್ನು ನೊವೇನದ ಪ್ರಾರ್ಥನೆಗೆ ಕರ್ಕೊಂಡು ಹೋಗ್ಲಿಕ್ಕೆ ಮಾತ್ರ ಯಾರಿಗೂ ಪುರ್ಸೊತ್ತಿಲ್ಲ."

"ಮೊನ್ನೆ ಟ್ಯಾಕ್ಸಿ ಮಾಡಿ ಕಳಿಸಿದೆನಲ್ಲ ಮಾಯ್?"

"ಕಳಿಸಿದ್ದಿ. ಅವನು ಇಗರ್ಜಿಯ ಎದುರು ಬದಿಯಲ್ಲಿ ಇಳಿಸಿ ಹೋದ. ರಸ್ತೆ ದಾಟ್ಲಿಕ್ಕೆ ನಾನು ಎಷ್ಟು ಹೊತ್ತು ನಿಂತೆ ಅಂತ ಯಾರಾದ್ರೂ ಕೇಳಿದ್ರಾ? ಒಬ್ಬ ಕಡಲೆ ಮಾರುವವ ಕೈ ಹಿಡಿದು ದಾಟಿಸಿದ. ಅವನ ಕಡಲೆಯೂ ತಕೊಳ್ಳಬೇಕಾಯ್ತು, ನನಗೆ ಹಲ್ಲಿಲ್ಲ."

ಈಲೇನ್ ಕಾಫಿ ಸೋಸುವುದನ್ನು ನಿಲ್ಲಿಸಿದಳು. "ಮಾಯ್, ನನ್ನ ಮೀಟಿಂಗು ಅದಕ್ಕೇ," ಎಂದಳು. ಕೂತು, ಓಪಲ್ ಬಿದ್ದದ್ದನ್ನು, ಬೇಲಿಯನ್ನು, ಲಾರಿಗಳನ್ನು, ಬಾಗಿಲನ್ನು ಎಲ್ಲ ಹೇಳಿದಳು. ಗರ್ಟ್ರೂಡ್ ದೋಸೆ ಕೆಳಗಿಟ್ಟು, "ಆ ಹೆಂಗಸಿಗೆ ಎಷ್ಟು ಪ್ರಾಯ?" ಎಂದು ಕೇಳಿದರು. ತಮಗಿಂತ ದೊಡ್ಡವಳೆಂದು ಗೊತ್ತಾದಾಗ, "ವಾಕರ್ ಹಿಡ್ಕೊಂಡು ಆ ಪ್ರಾಯದಲ್ಲಿ," ಎಂದಷ್ಟೇ ಅಂದು ತಟ್ಟೆಯನ್ನು ದೂಡಿದರು.

ಆ ಸಂಜೆ ಓಪಲ್‌ಳೇ ಫೋನ್ ಮಾಡಿದಳು. ಈಲೇನ್ ಕ್ಷಮೆ ಕೇಳಿದಳು. ಓಪಲ್ ಕೇಳಿಸಿಕೊಂಡು, ಮಂಡಿ ತನ್ನದು, ಅದು ಹೊಸತಾಗಿದ್ದಾಗಲೂ ಅಷ್ಟಕ್ಕಷ್ಟೇ ಎಂದಳು. ಅವಳಿಗೆ ಬೇಕಾದದ್ದು ಬೇರೆ: "ನಾಳೆ ಅವರು ನಿನ್ನನ್ನು ತೆಗೆದುಹಾಕಿದರೆ ಮತ್ತೆ ಆ ಯಂತ್ರದ ದನಿ ಬರುತ್ತಾ? ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನೋದು?"

"ಗೊತ್ತಿಲ್ಲ. ಓಪಲ್, ರೈಲು ಅಡ್ಡ ನಿಂತರೆ ಎಷ್ಟು ಹೊತ್ತು?"

"ಸುಗ್ಗಿಯಲ್ಲಿ ಒಂದು ಪೈ ಬೇಯುವಷ್ಟು. ಆದರೆ ಊಟದ ಸೈರನ್ ಕೂಗಿದ ಮೇಲೆ ಬರೋದಿಲ್ಲ, ರೈಲಿನವರೂ ಉಣ್ಣಬೇಕಲ್ಲ."

ಈಲೇನ್ ಸೈರನ್ನಿನ ನಂತರಕ್ಕೆ ಆ ಮೂಲೆಯನ್ನು ಸರಿಸಿದಳು. ಅದಕ್ಕಾಗಿ ಊಟದ ಹಾಲ್ ಮೊದಲಾಯಿತು, ಕ್ಲಿನಿಕ್ಕು ನಡುವೆ ಬಂತು, ಡಯಾಲಿಸಿಸ್‌ನವರನ್ನು ಸುತ್ತು ಶುರುವಾಗುವ ಮೊದಲೇ ಮನೆಯಿಂದ ನೇರವಾಗಿ ಹೆದ್ದಾರಿಗೆ ಕಳಿಸಿದಳು. ಮಧ್ಯೆ ಎರಡು ಸಲ ಎದ್ದು ಸಾರಿಗೆ ಉಪ್ಪು ಹಾಕಿದಳು. ಎರಡು ಸಲವೂ ಹಾಕಿದ್ದು ಊಟಕ್ಕೆ ಕೂತಾಗ ಗೊತ್ತಾಯಿತು.

ಶನಿವಾರ ಬೆಳಗ್ಗೆಯಿಂದ ನಿಂತು ಮಾಡಿದರೂ ಮಧ್ಯಾಹ್ನ ಎರಡೂವರೆಗೆ ಮೇಜಿನ ಮೇಲೆ ಮೂರು ಬಗೆಯ ತರಕಾರಿ ಹೆಚ್ಚಿಯಾಗಿತ್ತು, ಪತ್ರೊಡೆಯ ಹಿಟ್ಟು ರುಬ್ಬಿಯಾಗಿತ್ತು. ಉಳಿದದ್ದೆಲ್ಲ ಇಡಿಯಾಗಿತ್ತು. ಬಟ್ಟೆ ಒಗೆಯಲು ಬರುವ ಅಕಿನ್ಯಿಯನ್ನು ಸಂಜೆಗೆ ಕರೆಯೋಣವೇ ಎಂದು ವಾಲ್ಟರ್ ಕೇಳಿದ. ಅವಳ ಮನೆಯಲ್ಲೂ ಶನಿವಾರವೇ ಎಂದಳು ಈಲೇನ್. ಸೀರೆ ಬೇಡವೆಂದು ನೀಲಿ ಕುರ್ತಾ ಹಾಕಿಕೊಂಡು, ಕೈಯ ಬೆಳ್ಳುಳ್ಳಿ ವಾಸನೆ ಹೋಗದಿದ್ದಾಗ ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿದಳು.

"ಒಂಬತ್ತು ಆಗುದಿಲ್ಲ," ಎಂದ ವಾಲ್ಟರ್ ಬೆಂಡೆಕಾಯಿಯ ರಾಶಿಯನ್ನು ನೋಡುತ್ತ. "ಆಲ್ಫ್ರೆಡ್ ಮಾವನಿಗೆ ಎಂತ ಹೇಳುದು?"

ಕುರ್ಚಿಯಲ್ಲಿ ಕೂತು ಸ್ವೆಟರಿನ ತೋಳು ಮಡಚುತ್ತಿದ್ದ ಗರ್ಟ್ರೂಡ್ ಹೇಳಿದರು: "ಬೆಸ ಆಗಬೇಕು ಅಂತ ಉಂಟು. ಒಂಬತ್ತು ಅಂತ ಎಲ್ಲಿಯೂ ಇಲ್ಲ. ಐದೂ ಬೆಸವೇ."

"ಮಮ್ಮಿ, ನೀವೇ ಅಲ್ವಾ ಯಾವಾಗ್ಲೂ ಒಂಬತ್ತು ಮಾಡ್ತಾ ಇದ್ದದ್ದು?"

"ಮಾಡ್ತಾ ಇದ್ದೆ. ನಿನ್ನ ಡ್ಯಾಡಿಗೆ ಏಳು ಕಂಡ್ರೆ ಮುಖ ಊದ್ತಿತ್ತು. ಹೆಚ್ಚಿಕೊಡ್ಲಿಕ್ಕೆ ಮಾತ್ರ ಅವರಿಗೆ ಕೈ ಇರ್ಲಿಲ್ಲ." ಮೇಜನ್ನು ಬೆರಳಿನಿಂದ ತಟ್ಟಿದರು. "ಕೂತ್ಕೋ. ಆ ಚಾಕು ತಕೋ. ಅಲಸಂಡೆ ಬೆರಳಿನ ಗಂಟಿನಷ್ಟು ಉದ್ದ. ನನ್ನ ಬೆರಳು, ನಿನ್ನದಲ್ಲ. ನೆವಿಲ್, ನೀನೂ ಬಾ."

"ಗ್ರ್ಯಾನಿ, ಐ ಹ್ಯಾವ್ ಟ್ಯೂಶನ್," ಎಂದ ನೆವಿಲ್ ಸೋಫಾದಿಂದ.

"ಟ್ಯೂಶನ್ ಮೊನ್ನೆಯೇ ಮುಗಿದಿದೆ, ನಿನ್ನ ಪರೀಕ್ಷೆಯ ಹಾಗೆ. ತೆಂಗಿನಕಾಯಿ ಒಡಿ."

ಅತ್ತೆ ತನ್ನ ಪರ ನಿಂತರೋ, ಇಲ್ಲ ಮಗನ ಕೈಯಲ್ಲಿ ಚಾಕು ನೋಡುವ ಆಸೆಗೆ ಹಾಗೆಂದರೋ ಎಂದು ಈಲೇನ್‌ಗೆ ಹೊಳೆಯಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ. ಹೈರಿಡ್ಜ್‌ನಿಂದ ಪೇಟೆಗೆ ಒಂದು ಮಟಾಟು, ಅಲ್ಲಿಂದ ಹರ್ಲಿಂಗ್‌ಹ್ಯಾಮ್‌ಗೆ ಇನ್ನೊಂದು. ಎರಡರಿಂದಲೂ ಅವಳು ಇಳಿದದ್ದು ಎಡಕ್ಕೆ. ಇಳಿಯುವಾಗ ಈ ಸಲ ಗಮನಿಸಿ ಇಳಿದಳು.

ಮಕೇನಾ ಕಚೇರಿಯ ದೊಡ್ಡ ಪರದೆಯ ಮುಂದೆ ಕುರ್ಚಿ ಹಾಕಿ ಕಾಯುತ್ತಿದ್ದಳು. "ಸಿಸ್ಟಮ್‌ನಲ್ಲಿ ದೋಷ ಇತ್ತು, ಸರಿಪಡಿಸಿದ್ದೇವೆ ಅಂತ ಹೇಳು. ಸವಾ, ಸರಿನಾ?"

ಪರದೆಯ ಮೇಲೆ ಊಟದ ಹಾಲ್ ಮೂಡಿತು. ಇಷ್ಟು ದಿನ ಹರಿವೆಯ ಕಟ್ಟಾಗಿದ್ದದ್ದು ಈಗ ಹಳದಿ ಗೋಡೆಯ, ಮಡಚುವ ಕುರ್ಚಿಗಳ ಒಂದು ನಿಜವಾದ ಕೋಣೆ. ಬೆಳಗಿನ ಬಿಸಿಲು. ಟೋಪಿ ಹಾಕಿದ ಗಂಡಸರು ಮುಂದೆ, ಹೆಂಗಸರು ಕಾಫಿಯ ಪಾತ್ರೆಯ ಹತ್ತಿರ. ಹಿಂದಿನ ಸಾಲಿನಲ್ಲಿ ಒಂದು ವಾಕರ್ ಕಂಡಿತು. ಅವಳೇ ಓಪಲ್ ಇರಬೇಕು, ದನಿಗೆ ಹೋಲಿಸಿದರೆ ತುಂಬಾ ಸಣ್ಣ ಹೆಂಗಸು.

ಸಿಸ್ಟಮ್ ಎಂಬ ಮಾತು ಈಲೇನ್‌ಳ ಬಾಯಿಗೆ ಬಂದು ಅಲ್ಲಿಯೇ ನಿಂತಿತು. ತಪ್ಪು ಸಿಸ್ಟಮ್‌ನದ್ದಾದರೆ ಸರಿ ಮಾಡಿದ್ದೂ ಸಿಸ್ಟಮ್ಮೇ ಆಗುತ್ತದೆ, ಆಗ ಇವಳು ಯಾಕೆ ಬೇಕು?

"ಸುತ್ತು ಬರೆದದ್ದು ನಾನು," ಎಂದಳು. "ನಮ್ಮಲ್ಲಿ ಗಾಡಿಯ ಬಾಗಿಲು ಎಡಕ್ಕೆ. ನಾನು ನಿಮ್ಮ ವ್ಯಾನಿಗೂ ಎಡಕ್ಕೇ ಬಾಗಿಲು ಇಟ್ಟುಬಿಟ್ಟೆ. ಈಗ ಸುತ್ತನ್ನು ತಿರುಗಿಸಿದ್ದೇನೆ. ಯಾರೂ ರಸ್ತೆ ದಾಟಬೇಕಾಗಿಲ್ಲ. ರೈಲಿನ ಮೂಲೆಗೆ ವ್ಯಾನ್ ಊಟದ ಸೈರನ್ ಆದ ಮೇಲೆ ಬರ್ತದೆ."

ಮಕೇನಾ ಪಕ್ಕದಲ್ಲಿ ಉಸಿರು ಬಿಟ್ಟಳು. ಮುಂದಿನ ಸಾಲಿನ ಒಬ್ಬ ರೈತ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಮ್ಮಾ, ನೀನು ಈ ಊರಿಗೆ ಯಾವತ್ತಾದರೂ ಬಂದಿದ್ದೀಯಾ?"

"ಇಲ್ಲ."

"ಮತ್ತೆ ನಮ್ಮ ಮನೆ ಎಲ್ಲಿ ಅಂತ ಹೇಗೆ ಗೊತ್ತು?"

"ನಿಮ್ಮ ಮನೆ ಗೊತ್ತಿಲ್ಲ, ನೀವು ಯಾವತ್ತೂ ಫೋನ್ ಮಾಡಿಲ್ಲ. ಓಪಲ್ ಅವರದ್ದು ಗೊತ್ತು. ಅವರ ಮೆಟ್ಟಿಲ ಮೇಲೆ ನಿಂತರೆ ಎಡಕ್ಕೆ ನೀರಿನ ಟ್ಯಾಂಕು, ಎದುರಿಗೆ ಕಣಜ, ಬಲಕ್ಕೆ ಡೇರಿ ಇದ್ದ ಮೂಲೆ. ಆ ಮೂಲೆಯಲ್ಲಿ ಒಂದು ದೊಡ್ಡ ಮರ."

"ಮರ ಜೂನ್ ಗಾಳಿಗೆ ಬಿತ್ತು," ಎಂದ ರೈತ.

"ಬಿದ್ದರೇನು, ನೀನು ಈಗಲೂ ಅದನ್ನೇ ಗುರುತು ಹೇಳ್ತೀಯಲ್ಲ," ಎಂದಿತು ಹಿಂದಿನ ಸಾಲಿನ ದನಿ. ಹಾಲ್‌ನಲ್ಲಿ ನಗು ಎದ್ದಿತು. ರೈತನೂ ನಕ್ಕ.

ಆಮೇಲೆ ಅವರು ತಮ್ಮೊಳಗೆ ಮಾತಾಡಿಕೊಂಡರು, ದನಿ ನಿಲ್ಲಿಸಿದ್ದರು. ಈಲೇನ್ ಬಾಯಿಗಳ ಚಲನೆ ನೋಡುತ್ತ ಕೂತಳು. ದನಿ ಮರಳಿ ಬಂದಾಗ ತೀರ್ಮಾನವೂ ಬಂತು: ಸುಗ್ಗಿ ಮುಗಿಯುವವರೆಗೆ ಇವರೇ ನಡೆಸಲಿ, ಆಮೇಲೆ ಮತ್ತೆ ನೋಡೋಣ. ಆದರೆ ಸುಗ್ಗಿಯಲ್ಲಿ ಊರು ಬೇಗ ಏಳುತ್ತದೆ. ಫೋನು ಬೆಳಗಿನ ಐದರಿಂದಲೇ ಎತ್ತಬೇಕು, ಒಬ್ಬರೇ ಎತ್ತಬೇಕು, ನಡುವೆ ಕಡಿದುಹೋಗಬಾರದು.

ಪರದೆ ಆರಿದ ಮೇಲೆ ಮಕೇನಾ ಹೇಳಿದಳು: "ಅಂದ್ರೆ ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತು. ಸೋಮವಾರದಿಂದ ಶನಿವಾರ. ಇಲ್ಲಿ, ಆಫೀಸಲ್ಲಿ, ಜನರೇಟರ್ ಇದೆ, ಮುಚ್ಚಿಕೊಂಡು ಕೂರೋಕೆ ಬಾಗಿಲಿದೆ, ರಾತ್ರಿ ಮನೆಗೆ ಬಿಡೋಕೆ ಗಾಡಿ ಇದೆ. ಸಂಬಳ ಹೆಚ್ಚು ಮಾಡ್ತೀನಿ. ನಿನಗೆ ಆಗದಿದ್ದರೆ ಬೇರೆಯವರನ್ನ ಕೂರಿಸ್ತೀನಿ, ಆ ಊರಿನವರು ಒಪ್ಪಿದರೆ. ಮನೇಲಿ ಕೇಳು. ಸೋಮವಾರ ಹೇಳು."

"ಅಸಾಂಟೆ, ಥ್ಯಾಂಕ್ಸ್," ಎಂದು ಈಲೇನ್ ಮೆಟ್ಟಿಲಿಳಿದಳು.

ಹೊರಗೆ ಶನಿವಾರದ ಸಂಜೆ. ಕ್ಲಿನಿಕ್ಕುಗಳು ಮುಚ್ಚುತ್ತಿದ್ದವು, ಜೋಳ ಸುಡುವವನು ಗಾಳಿ ಬೀಸುತ್ತಿದ್ದ. ಪೇಟೆಗೆ ಹೋಗುವ ಮಟಾಟುವಿನ ಕಂಡಕ್ಟರು ಅವಳನ್ನು ನೋಡಿ ಬಾಗಿಲನ್ನು ಬಡಿದ, ಇನ್ನೊಂದೇ ಸೀಟು ಎಂಬಂತೆ. ಅಷ್ಟರಲ್ಲಿ ಫೋನು.

"ಈಲೇನ್, ಸಾಸಿವೆ ಎಲ್ಲಿ?" ಎಂದ ವಾಲ್ಟರ್. ಹಿಂದಿನಿಂದ ಅತ್ತೆಯ ದನಿ, ಏನೋ ಬಿದ್ದ ಸದ್ದು, ನೆವಿಲ್‌ನ ನಗು.

"ಒಲೆಯ ಎಡಗಡೆ, ಎರಡನೇ ಡಬ್ಬಿ."

"ಸಿಕ್ಕಿತು. ಮೀಟಿಂಗು ಎಂತಾಯ್ತು?"

ಹೇಳಿದರೆ ಅವನು ಬೇಡವೆನ್ನುವುದಿಲ್ಲ. "ನೋಡುವ" ಎನ್ನುತ್ತಾನೆ. ಫೆಸ್ತ್ ಕಳೆಯಲಿ ಎನ್ನುತ್ತಾನೆ, ರಾತ್ರಿಯ ಊಟಕ್ಕೇನು ಮಾಡುವುದು ಎಂದು ಕೇಳುತ್ತಾನೆ, ಅದಕ್ಕೆ ಉತ್ತರ ಹುಡುಕುವ ಕೆಲಸ ಅವಳಿಗೇ ಬರುತ್ತದೆ. ಉತ್ತರ ಸಿಕ್ಕಿದ ದಿನ ಅವಳು ಹೋಗಲೇ ಎಂದು ಕೇಳಬಹುದು. ಅಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ.

"ಮನೆಗೆ ಬಂದು ಹೇಳ್ತೇನೆ. ಬೆಂಡೆಗೆ ನೀರು ಹಾಕ್ಬೇಡ," ಎಂದು ಫೋನು ಇಟ್ಟಳು.

ಕಂಡಕ್ಟರು ಮತ್ತೆ ಬಡಿದ. ಈಲೇನ್ ಬೇಡವೆಂದು ಕೈಯಾಡಿಸಿ, ತಿರುಗಿ, ಮೆಟ್ಟಿಲು ಹತ್ತಿದಳು. ಮಕೇನಾ ದೀಪ ಆರಿಸುತ್ತಿದ್ದಳು.

"ಏನು ಮರೆತೆ?"

"ಏನೂ ಇಲ್ಲ. ಸೋಮವಾರ ಒಂದು ಗಂಟೆಗೆ ಬರ್ತೇನೆ. ನನ್ನ ಹೆಸರು ಹಾಕಿ."

ಮಕೇನಾ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: "ಮನೇಲಿ ಕೇಳಿದೆಯಾ?"

"ಇಲ್ಲ," ಎಂದಳು ಈಲೇನ್. "ಈಗ ಹೋಗಿ ತಿಳಿಸ್ತೇನೆ."